ಯಾವ ಚಿರತೆ, ಯಾರ ಕೋವಿ?

(ಉಪನ್ಯಾಸದ ಲಿಖಿತ ರೂಪ)



2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬೆಂಗಳೂರಿನ ದಕ್ಷಿಣ ಅಂಚಿನ ಬೇಗೂರು ಹೋಬಳಿಯ ಸಿಂಗಸಂದ್ರದಲ್ಲಿ ಚಿರತೆಯೊಂದು ಕಾಣಿಸಿಕೊಂಡಿತು. ಬಡಾವಣೆಯ ಬೀದಿಗಳಲ್ಲಿ ಅದು ಓಡಾಡಿದ ದೃಶ್ಯ ಸಿಸಿಟಿವಿಯಲ್ಲಿ ದಾಖಲಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ರಾತ್ರಿ ಪಾಳಿಗೆ ಹೋಗುವವರು ಮನೆಯಿಂದ ಹೊರಬೀಳಲು ಅಂಜಿದರು. ಅರಣ್ಯ ಇಲಾಖೆ ಬೋನು, ಬಲೆಗಳನ್ನು ತಂದಿತು. ನವೆಂಬರ್ 1ರಂದು ಕೂಡ್ಲು ಗೇಟ್ ಬಳಿಯ ಪಾಳು ಕಟ್ಟಡವೊಂದರಲ್ಲಿ ಅರಿವಳಿಕೆ ನೀಡಿ ಸೆರೆಹಿಡಿಯುವ ಯತ್ನ ನಡೆಯಿತು. ಚಿರತೆ ಪಶುವೈದ್ಯರ ಮೇಲೂ ಸಿಬ್ಬಂದಿಯ ಮೇಲೂ ಎರಗಿತು. ಗುಂಡು ಹಾರಿತು, ಚಿರತೆ ಸತ್ತಿತು. ಅದುವರೆಗೆ ಅದು ಒಬ್ಬ ಮನುಷ್ಯನನ್ನೂ ಕೊಂದಿರಲಿಲ್ಲ.

ಅದು ಬೇಟೆಯಲ್ಲ, ರಕ್ಷಣಾ ಕಾರ್ಯಾಚರಣೆ. ಆದರೂ ಮುಗಿದದ್ದು ಕೋವಿಯಲ್ಲಿ. ಮರುದಿನದಿಂದ ಎರಡು ಬಗೆಯ ಮಾತುಗಳು ಕೇಳಿಬಂದವು. ನಿರಪರಾಧಿ ಪ್ರಾಣಿಯನ್ನು ಕೊಂದರೆಂದು ಕೆಲವರು ಮರುಗಿದರು. ಮೊದಲ ದಿನವೇ ಗುಂಡಿಕ್ಕಿದ್ದರೆ ಸಿಬ್ಬಂದಿಗೆ ಗಾಯವಾಗುತ್ತಿರಲಿಲ್ಲವೆಂದು ಉಳಿದವರು ವಾದಿಸಿದರು. ಕಾಡುಪ್ರಾಣಿ ಸಂಶೋಧಕರಿಗೂ ಕೋವಿ ಹಿಡಿದವರಿಗೂ ಬಹುಕಾಲದಿಂದ ನಡೆದಿರುವ ಜಗಳವೂ ಇದೇ. ಘಟ್ಟದ ಮೇಲಿನ ಊರುಗಳಿಗೂ ಇದು ಸಂಬಂಧಿಸಿದೆ, ಏಕೆಂದರೆ ಒಂದೆಡೆ ಹಿಡಿದ ಪ್ರಾಣಿಯನ್ನು ಎಲ್ಲಿಯಾದರೂ ಬಿಡಲೇಬೇಕಷ್ಟೆ.

ಬೇಗೂರು ಹಳೆಯ ಊರು. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸೇರಿದ ಇಲ್ಲಿನ ಗಂಗರ ಕಾಲದ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ದೊರೆಯುತ್ತದೆ. (ಪಕ್ಕದ ಹುಳಿಮಾವಿನ ಹೆಸರಿನಲ್ಲಿರುವುದು ಹುಳಿ, ಹುಲಿಯಲ್ಲ, ಇಂಥ ಸಭೆಗಳಲ್ಲಿ ಪದೇ ಪದೇ ತಪ್ಪಾಗಿ ಕೇಳಿಬರುವುದರಿಂದ ಈ ಮಾತು.) ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳು ಈಗ ವಸತಿ ಸಮುಚ್ಚಯಗಳಾಗಿವೆ. ಆದರೆ ಬನ್ನೇರುಘಟ್ಟದ ಕಾಡು ದೂರ ಸರಿದಿಲ್ಲ. ಆ ರಾಷ್ಟ್ರೀಯ ಉದ್ಯಾನದ ಸುತ್ತ 2016ರ ಕರಡಿನಲ್ಲಿ ಸುಮಾರು 269 ಚದರ ಕಿ.ಮೀ. ಇದ್ದ ಪರಿಸರ ಸೂಕ್ಷ್ಮ ವಲಯವು 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಇಳಿಯಿತು. ಸಂಜಯ ಗುಬ್ಬಿ ಮತ್ತು ಸಂಗಡಿಗರ ಕ್ಯಾಮೆರಾ ಸಮೀಕ್ಷೆಯು ಬೆಂಗಳೂರಿನ ಸುತ್ತ 80ರಿಂದ 85 ಚಿರತೆಗಳಿವೆಯೆಂದು 2025ರ ಆರಂಭದಲ್ಲಿ ತಿಳಿಸಿತು. ಬಡಾವಣೆಯ ಕಸ ನಾಯಿಗಳನ್ನು ಸಾಕುತ್ತದೆ, ನಾಯಿಗಳು ಚಿರತೆಯನ್ನು ಸಾಕುತ್ತವೆ. ಸಿಂಗಸಂದ್ರಕ್ಕೆ ಚಿರತೆ ದಾರಿ ತಪ್ಪಿ ಬಂದಿತೆನ್ನುವುದು ಅಷ್ಟೇನೂ ಸರಿಯಲ್ಲ.

ಇದೇ ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ ಪೀಣ್ಯದ ನೆರೆಯ ಜಾಲಹಳ್ಳಿಯ ಚಿರತೆಯ ಬಗ್ಗೆಯೂ, ತಮಿಳುನಾಡಿನ ಗಡಿಯ ಗುಮ್ಮಳಾಪುರದ ನರಭಕ್ಷಕ ಚಿರತೆಯ ಬಗ್ಗೆಯೂ ಬರೆದಿದ್ದಾನೆ. ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯಿಂದ ಆ ಕಥೆಗಳು ಮಲೆನಾಡಿನ ಮನೆಮನೆಗೆ ತಲುಪಿದವು. ಅವನ್ನು ಓದಿದವರಿಗೆ ನೆನಪಿರುವುದು ಕೋವಿಯ ಸದ್ದು. ಆದರೆ ಪುಟಗಳ ಬಹುಪಾಲು ತುಂಬಿರುವುದು ಬೇರೆಯೇ: ಹೆಜ್ಜೆಗುರುತು ನೋಡುವುದು, ಹಳ್ಳಿಯವರನ್ನು ವಿಚಾರಿಸುವುದು, ರಾತ್ರಿಯಿಡೀ ಕಾಯುವುದು, ಇದೇ ಪ್ರಾಣಿಯೇ ಅಲ್ಲವೇ ಎಂಬ ಅನುಮಾನ. ಒಳ್ಳೆಯ ಬೇಟೆಗಾರನಿಗೆ ಗುರುತು ಮೊದಲು, ಗುಂಡು ಆಮೇಲೆ.

ಎಲ್ಲ ಬೇಟೆಯೂ ಹಾಗಿರಲಿಲ್ಲ. ಬ್ರಿಟಿಷ್ ಸರ್ಕಾರ ಹಿಂಸ್ರ ಪ್ರಾಣಿಗಳ ತಲೆಗೆ ಬಹುಮಾನ ಕಟ್ಟಿತ್ತು. 1875ರಿಂದ 1925ರವರೆಗಿನ ಅರ್ಧ ಶತಮಾನದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆಗಳು, ಎರಡು ಲಕ್ಷ ತೋಳಗಳು ಹೀಗೆ ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಚರ್ಮ ತಂದವನಿಗೆ ಹಣ. ಆ ಹುಲಿ ಯಾರ ದನ ತಿಂದಿತ್ತು, ತಿಂದಿತ್ತೇ ಇಲ್ಲವೇ ಎಂದು ಕಚೇರಿ ಕೇಳಲಿಲ್ಲ. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸ್ವತಃ ಬೇಟೆಗಾರ. ಆತ 1878ರಲ್ಲೇ, ಹುಲಿ ಅಳಿದರೆ ಹಂದಿ, ಜಿಂಕೆಗಳು ರೈತನ ಬೆಳೆಯನ್ನು ಉಳಿಸಲಾರವೆಂಬ ಅರ್ಥದ ಮಾತನ್ನು ಬರೆದಿದ್ದ. ಇಂದು ಗದ್ದೆಗೆ ನುಗ್ಗುವ ಹಂದಿಗಳನ್ನು ಕಂಡಿರುವ ಮಲೆನಾಡಿನ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಗುರುತು ಹಿಡಿಯುವ ಕೆಲಸ ಕ್ರಮೇಣ ಸಂಶೋಧಕರ ಕೈಗೆ ಬಂತು. ಅವರನ್ನೂ ಜನ ಸುಲಭವಾಗಿ ನಂಬಲಿಲ್ಲ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೋ ಕಾಲರ್ ತೊಡಿಸಿ ಅಧ್ಯಯನ ನಡೆಸಿದಾಗ, ಕೆಲವು ಹುಲಿಗಳು ಸತ್ತದ್ದಕ್ಕೆ ಸಂಶೋಧನೆಯನ್ನೇ ದೂರಲಾಯಿತು. ಮುಂದೆ ಕ್ಯಾಮೆರಾಗಳು ಬಂದವು. ಹುಲಿಯ ಪಟ್ಟೆ, ಚಿರತೆಯ ಚುಕ್ಕೆಗಳು ಮನುಷ್ಯನ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಆಂಡರ್ಸನ್ ನೆಲದಲ್ಲಿ ಹುಡುಕಿದ್ದನ್ನು ಇವರು ಚಿತ್ರದಲ್ಲಿ ಹುಡುಕುತ್ತಾರೆ. ಪ್ರಶ್ನೆ ಒಂದೇ.

ಸಂಶೋಧಕರೆಂದರೆ ‘ಕೊಲ್ಲಬಾರದು’ ಎನ್ನುವವರು ಎಂಬ ಕಲ್ಪನೆ ಚಳವಳಿಯವರಲ್ಲೂ ಇದೆ. ಇದು ನಿಜವಲ್ಲ. ಮನುಷ್ಯರನ್ನು ಮತ್ತೆ ಮತ್ತೆ ಕೊಲ್ಲುವ ಹುಲಿಯನ್ನು ವಿಳಂಬವಿಲ್ಲದೆ ಕೊಲ್ಲಬೇಕು, ಇಲ್ಲವಾದರೆ ಕಾಡಂಚಿನ ಜನ ಇಡೀ ಹುಲಿ ಸಂತತಿಗೇ ವಿರೋಧಿಗಳಾಗುತ್ತಾರೆ ಎಂಬುದು ಕಾರಂತರ ನಿಲುವು. ಕಾಯಿದೆಯ 11ನೆಯ ಸೆಕ್ಷನ್ ಕೂಡ ಇದಕ್ಕೆ ಅವಕಾಶ ಕೊಡುತ್ತದೆ. ಆ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯೆಂದು ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಸಹಿತ ಲಿಖಿತವಾಗಿ ಹೇಳಬೇಕು, ಹಿಡಿಯಲು ಸಾಧ್ಯವಿಲ್ಲವೆಂಬುದು ಮನವರಿಕೆಯಾಗಿರಬೇಕು. ಸಂಶೋಧಕರ ತಕರಾರು ಕೋವಿಯ ಬಗ್ಗೆ ಅಲ್ಲ, ‘ಯಾವುದಾದರೂ ಒಂದನ್ನು ಹೊಡೆಯಿರಿ’ ಎಂಬ ಒತ್ತಾಯದ ಬಗ್ಗೆ.

2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯಲ್ಲಿ ಹುಲಿಯೊಂದು ಇಬ್ಬರನ್ನು ಕೊಂದಾಗ ಜನ ಗುಂಡಿಕ್ಕುವಂತೆ ಆಗ್ರಹಿಸಿದರು. ಕ್ಯಾಮೆರಾ, ಸಾಕಾನೆಗಳ ನೆರವಿನಿಂದ ಆ ಹುಲಿಯನ್ನು ಪತ್ತೆಹಚ್ಚಿ, ಅರಿವಳಿಕೆ ಕೊಟ್ಟು ಹಿಡಿದು, ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಸಾಗಿಸಲಾಯಿತು.

2014ರಲ್ಲಿ ಹೀಗಾಗಲಿಲ್ಲ. ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಮಹಿಳೆಯೊಬ್ಬರ ಸಾವಿನ ನಂತರ ಹಿಡಿದ ಹೆಣ್ಣುಹುಲಿಯನ್ನು ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಬಿಡಲಾಯಿತು. ಅಲ್ಲಿ ಅದು ಇನ್ನೊಬ್ಬ ಮಹಿಳೆಯನ್ನು ಕೊಂದಿತು. ಡಿಸೆಂಬರ್ ಕೊನೆಯಲ್ಲಿ ಅದನ್ನು ಗುಂಡಿಟ್ಟು ಕೊಲ್ಲಲಾಯಿತು. ಕೊಲ್ಲಬೇಡಿ ಎಂಬ ದಯೆ ಒಂದು ಜಿಲ್ಲೆಯದು, ಅದಕ್ಕೆ ತೆತ್ತ ಬೆಲೆ ಇನ್ನೊಂದು ಜಿಲ್ಲೆಯದು. ಹುಲಿಯೂ ಉಳಿಯಲಿಲ್ಲ.

ಚಿರತೆಯ ವಿಷಯದಲ್ಲಿ ಇದು ಮೊದಲೇ ಗೊತ್ತಿತ್ತು. ಮಹಾರಾಷ್ಟ್ರದ ಜುನ್ನರಿನಲ್ಲಿ 2001ರಿಂದ 2003ರವರೆಗೆ ಹಿಡಿದ ಚಿರತೆಗಳನ್ನು ಬೇರೆ ಕಾಡುಗಳಲ್ಲಿ ಬಿಟ್ಟ ಮೇಲೆ, ವರ್ಷಕ್ಕೆ ಸರಾಸರಿ 4 ಇದ್ದ ದಾಳಿಗಳು 17ಕ್ಕೆ ಏರಿದವೆಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ತನ್ನ ನೆಲೆ ಗೊತ್ತಿರುವ ಚಿರತೆ ಜನರಿಂದ ತಪ್ಪಿಸಿಕೊಂಡು ಬದುಕಬಲ್ಲದು. ಗೊತ್ತಿಲ್ಲದ ನೆಲದಲ್ಲಿ ಬಿಟ್ಟದ್ದು ಕಂಗೆಡುತ್ತದೆ. ತೆರವಾದ ಜಾಗಕ್ಕೋ, ಎಳೆಯ ಚಿರತೆ ಬಂದು ನಿಲ್ಲುತ್ತದೆ.

ಕೃಷಿಯ ದೃಷ್ಟಿಯಿಂದ ಹೆಚ್ಚು ಗಮನ ಬೇಡುವುದು ಕಬ್ಬಿನ ಗದ್ದೆ. ನೀರಾವರಿ ಬಂದ ಕಡೆ ಹತ್ತು ಹನ್ನೆರಡು ತಿಂಗಳು ಆಳೆತ್ತರ ನಿಲ್ಲುವ ಬೆಳೆ ಅದು. ಕೂಳೆ ಬಿಟ್ಟರೆ ಮೂರು ನಾಲ್ಕು ವರ್ಷ ಅದೇ ನೆಲದಲ್ಲಿ ಮುಂದುವರಿಯುತ್ತದೆ. ಒಳಗೆ ನೆರಳು, ಪಕ್ಕದಲ್ಲಿ ಕಾಲುವೆಯ ನೀರು, ಊರಂಚಿನಲ್ಲಿ ನಾಯಿ, ಮೇಕೆ. ಮರಿ ಹಾಕಲು ಚಿರತೆಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಇಂಥ ಕೃಷಿಭೂಮಿಯಲ್ಲಿ ನೂರು ಚದರ ಕಿ.ಮೀ.ಗೆ ಸುಮಾರು ಐದು ಚಿರತೆಗಳು ಕಂಡುಬಂದವು. ಅವುಗಳ ಮುಖ್ಯ ಆಹಾರ ಸಾಕುನಾಯಿ. ಅಲ್ಲಿ ಜನರ ಸಾವು ಸಂಭವಿಸಿರಲಿಲ್ಲ. ಆದರೆ ತಿ.ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಕಾಲೇಜು ವಿದ್ಯಾರ್ಥಿನಿಯೂ ಇದ್ದಳು, ಬಾಲಕನೂ ಇದ್ದ. ಅಲ್ಲಿನ ತಾಯಂದಿರ ಮುಂದೆ ಅಕೋಲೆಯ ಅಂಕಿಗಳನ್ನು ಓದುವುದು ಕ್ರೌರ್ಯವೇ ಸರಿ. ಕಂಡಲ್ಲಿ ಗುಂಡಿಕ್ಕುವ ಮಾತು ಬಂದದ್ದು ಆ ದುಃಖದಲ್ಲಿ. ಆದರೆ ಕಬ್ಬಿನೊಳಗೆ ಕಂಡ ಚಿರತೆಯೆಲ್ಲ ಕೊಲೆಗಾರನೇ? ಕಟಾವಿನ ಹೊತ್ತಿಗೆ ಮರಿಗಳೊಡನೆ ಎದುರಾಗುವ ತಾಯಿಯನ್ನು ಹೊಡೆದು ಕೆಲಸ ಮುಗಿಯಿತೆಂದು ಎಲ್ಲರೂ ಮನೆಗೆ ಹೋದರೆ, ನಿಜವಾದ ಹಂತಕ ಅದೇ ಊರಿನಲ್ಲಿ ಉಳಿಯುತ್ತದೆ. ಹಳ್ಳಿಯ ಸುರಕ್ಷತೆಗಾಗಿಯೇ ಗುರುತು ಬೇಕು.

ಕೊಡಗಿನ ಬೆಳೆಗಾರರ ಸಿಟ್ಟನ್ನೂ ಹೀಗೆಯೇ ಅರ್ಥಮಾಡಿಕೊಳ್ಳಬೇಕು. 2021ರ ಫೆಬ್ರವರಿ, ಮಾರ್ಚ್‌ನಲ್ಲಿ ದಕ್ಷಿಣ ಕೊಡಗಿನಲ್ಲಿ ಹುಲಿ ದಾಳಿಗೆ ಮೂವರು ಸತ್ತರು. ಮನೆಯಲ್ಲಿ ಕೋವಿ ಇರುವ, ಕಾಡು ತಿಳಿದ ಜನ ಅವರು. ಹೆಜ್ಜೆ, ನೀರಿನ ದಾರಿ, ಹುಲಿ ಮಲಗುವ ತಾಣ ಬಲ್ಲವರನ್ನು ಕಾರ್ಯಾಚರಣೆಯಿಂದ ದೂರವಿಟ್ಟು, ಹೊರಗಿನವರ ಬರವಿಗೆ ಕಾಯುವುದು ವಿವೇಕವಲ್ಲ. ಗುಂಡಿನ ತೀರ್ಮಾನ ಅವರಿಗೆ ಬಿಡಲಾಗದು. ಗುರುತಿನ ಕೆಲಸಕ್ಕೆ ಅವರನ್ನು ಬಿಟ್ಟರೆ ಬೇರೆ ಯಾರು?

ಇಂದು ಪರಭಕ್ಷಕಗಳಿಗೆ ಕೋವಿಗಿಂತ ದೊಡ್ಡ ಭಯ ವಿಷ ಮತ್ತು ತಂತಿ ಉರುಳು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ವಿಷ ಬೆರೆತ ಹಸುವಿನ ಕಳೇಬರ ತಿಂದು ಸತ್ತವು. ಸತ್ತ ಹಸುವಿನ ಸಿಟ್ಟಿಗೆ ಐದು ಹುಲಿ. ವಿಷಕ್ಕೆ ಗುರುತೆಂಬುದೇ ಇಲ್ಲ. ಹಂದಿಗೆಂದು ಕಟ್ಟಿದ ಉರುಳಿಗೂ ಇಲ್ಲ. ಅದರಲ್ಲಿ ಚಿರತೆ ಸಿಕ್ಕಿ ನರಳುವುದನ್ನು ಮಲೆನಾಡಿನ ತೋಟಗಳ ಬೇಲಿಗಳೇ ಹೇಳುತ್ತವೆ. ದನ ಕಳೆದುಕೊಂಡವನ ಕೈಗೆ ಪರಿಹಾರ ವಾರದೊಳಗೆ ತಲುಪಿದರೆ ವಿಷದ ಸೀಸೆ ಕೊಟ್ಟಿಗೆಯಲ್ಲೇ ಉಳಿದೀತು.

ಆದ್ದರಿಂದ ಘಟ್ಟದ ಊರುಗಳ ಸಂಘಟನೆಗಳು ಈಗ ಕೇಳಬೇಕಾದ ಸಂಗತಿ ಚಿಕ್ಕದು. ಸಿಂಗಸಂದ್ರದ ಚಿರತೆ ಜೀವಂತ ಸಿಕ್ಕಿದ್ದರೂ ಅದನ್ನು ಎಲ್ಲಿಯೋ ಬಿಡಬೇಕಾಗುತ್ತಿತ್ತು. ಮುಂದಿನ ಬಾರಿ ಅಂಥ ಪ್ರಾಣಿ ಬೋನಿಗೆ ಬಿದ್ದಾಗ, ಅದರ ಎರಡೂ ಪಾರ್ಶ್ವಗಳ ಚಿತ್ರ, ಹಿಡಿದ ಸ್ಥಳ, ಹಿಡಿದ ಕಾರಣ ಮತ್ತು ಬಿಡಲಿರುವ ಸ್ಥಳ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಲಾರಿ ಹೊರಡುವ ಮುನ್ನ, ಬಿಡಲಿರುವ ಕಾಡಿನ ಅಂಚಿನ ಗ್ರಾಮ ಪಂಚಾಯಿತಿಗೆ ತಲುಪಿಸಲಿ.