ಭಾಗಿಸದೆ ಸಿಕ್ಕ ಉತ್ತರ

ಇವತ್ತಿನ ಮಾತು ಒಂದೇ ಒಂದು ಸಂಖ್ಯೆಯದು. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ 1 ಕಳೆಯಿರಿ. 39 ಅಂಕಿಗಳ ಸಂಖ್ಯೆ ಸಿಗುತ್ತದೆ. ಅದು ಅವಿಭಾಜ್ಯ, 1 ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು. ಹೀಗೆಂದು 1876ರಲ್ಲಿ ತೋರಿಸಿದವರು ಫ್ರಾನ್ಸಿನ ಎದ್ವಾರ್ ಲೂಕಾ. ಮುಂದೆ 1951ರವರೆಗೆ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ.

ಶಾಲೆಯಲ್ಲಿ ಕಲಿತ ದಾರಿ ಇಲ್ಲಿ ನಡೆಯದು. ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕಲ್ಲವೆ? ಈ ಸಂಖ್ಯೆಯ ವರ್ಗಮೂಲವೇ 20 ಅಂಕಿಯದು. ಎಷ್ಟು ಜನ್ಮ ಕೂತರೂ ಮುಗಿಯದ ಲೆಕ್ಕ.

ಲೂಕಾ ಭಾಜಕಗಳನ್ನು ಹುಡುಕಲೇ ಇಲ್ಲ. ಅವರ ದಾರಿಯನ್ನು ಚಿಕ್ಕ ಸಂಖ್ಯೆಯ ಮೇಲೆ ನೋಡೋಣ. ಕೈಗೆ ಕಾಗದ ತೆಗೆದುಕೊಳ್ಳಿ. ಏಳು ಎರಡುಗಳ ಗುಣಲಬ್ಧ 128, ಒಂದು ಕಳೆದರೆ 127. ಈಗ 3ರಿಂದ ಶುರು ಮಾಡಿ. ಪ್ರತಿ ಸಲವೂ ವರ್ಗ ಮಾಡಿ 2 ಕಳೆಯಬೇಕು, 127ಕ್ಕಿಂತ ಹೆಚ್ಚಾದರೆ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಮೂರರ ವರ್ಗ 9, ಎರಡು ಕಳೆದರೆ 7. ಏಳರ ವರ್ಗ 49, ಕಳೆದರೆ 47. ಅದರಿಂದ 2207, ಶೇಷ 48. ಮುಂದಿನದು 2302, ಶೇಷ 16. ಹದಿನಾರರ ವರ್ಗ 256, ಎರಡು ಕಳೆದರೆ 254. ಅದು 127ರ ಸರಿಯಾಗಿ ಎರಡರಷ್ಟು, ಶೇಷ ಸೊನ್ನೆ! ಏಳಕ್ಕೆ ಒಂದು ಕಡಿಮೆ, ಅಂದರೆ ಆರನೆಯ ಪದದಲ್ಲಿ ಸೊನ್ನೆ ಬಂದದ್ದರಿಂದ 127 ಅವಿಭಾಜ್ಯ. ಎಷ್ಟು ಸಲ ಮಾಡಿ ನೋಡಿದರೂ ಆ ಸೊನ್ನೆ ಬಂದು ಕೂರುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ದೊಡ್ಡ ಸಂಖ್ಯೆಗೆ ಸೊನ್ನೆ ಬರಬೇಕಾದದ್ದು 126ನೆಯ ಪದದಲ್ಲಿ. ಹೆಜ್ಜೆಗಳು ನೂರಿಪ್ಪತ್ತೈದೇ, ಆದರೆ ಒಂದೊಂದರಲ್ಲೂ 39 ಅಂಕಿಗಳವರೆಗಿನ ಸಂಖ್ಯೆಯ ವರ್ಗ! ಲೂಕಾ ಇದಕ್ಕೂ ಉಪಾಯ ಕಂಡುಕೊಂಡರು. ಸಂಖ್ಯೆಗಳನ್ನು ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆದರೆ ಭಾಗಾಕಾರದ ಗೋಜೇ ಇಲ್ಲ: 127 ಎರಡುಗಳ ಗುಣಲಬ್ಧಕ್ಕೆ ಶೇಷ ಬರೀ 1, ಹಾಗಾಗಿ ಎಡ ಅಂಚು ದಾಟಿದ ಅಂಕಿ ಬಲ ತುದಿಗೆ ಬಂದು ಕೂಡಿಕೊಳ್ಳುತ್ತದೆ. 127 ಮನೆ ಉದ್ದ, ಅಷ್ಟೇ ಅಗಲದ ಮಣೆಯ ಮೇಲೆ ಕಾಯಿ ನಡೆಸಿ ಈ ಗುಣಾಕಾರ ಮಾಡುವುದನ್ನು ಅವರು ವಿವರಿಸಿದ್ದಾರೆ. 1930ರಲ್ಲಿ ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ ವಿಧಾನವನ್ನು ಇನ್ನಷ್ಟು ಚೊಕ್ಕ ಮಾಡಿದರು. 2024ರಲ್ಲಿ ಸಿಕ್ಕ, ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯವನ್ನು ಖಚಿತಪಡಿಸಿದ್ದೂ ಇದೇ ಪರೀಕ್ಷೆ.

ಅದೇ 1876ರಲ್ಲಿ ಲೂಕಾ ಇನ್ನೊಂದು ಮಾತೂ ಹೇಳಿದರು. 67 ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದದ್ದು ಅವಿಭಾಜ್ಯವೆಂದು 1644ರಲ್ಲಿ ಮೆರ್ಸೆನ್ ಎಂಬ ಪಾದ್ರಿ ಬರೆದಿದ್ದರು. ಅಲ್ಲ, ಅದು ಒಡೆಯುತ್ತದೆ ಎಂದರು ಲೂಕಾ. ಯಾವುದರಿಂದ ಒಡೆಯುತ್ತದೆ ಎಂಬುದನ್ನು ಮಾತ್ರ ಅವರ ಪರೀಕ್ಷೆ ಹೇಳಲಾರದು. ಆ ಭಾಜಕಗಳನ್ನು ಹುಡುಕಿ ತೆಗೆದದ್ದು 1903ರಲ್ಲಿ, ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್. ಅವುಗಳಲ್ಲಿ ಚಿಕ್ಕದೇ ಹತ್ತೊಂಬತ್ತು ಕೋಟಿ ದಾಟುತ್ತದೆ: 19,37,07,721.