ಮನೆ ಕಟ್ಟುವಾಗಲೇ ಹಿತ್ತಿಲಿಗೆ ನೆಲದೊಳಗಿನ ಕೊಳವೆ ದಾರಿ



ಹೊಸ ಮನೆ ಕಟ್ಟಿಸುವಾಗ ಪಾಯ, ಗೋಡೆ, ತಾರಸಿ, ಬಾಗಿಲು, ಕಿಟಕಿಗಳ ಬಗ್ಗೆ ಮನೆಮಂದಿಯೆಲ್ಲ ಕೂತು ಯೋಚಿಸುತ್ತಾರೆ. ಹಿತ್ತಿಲಿನ ನೀರು, ದೀಪ, ಪಂಪುಗಳ ನೆನಪಾಗುವುದು ಗೃಹಪ್ರವೇಶ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಅಂಗಳಕ್ಕೆ ಕಾಂಕ್ರೀಟು ಬಿದ್ದು, ಮನೆಯ ಸುತ್ತ ಚಪ್ಪಡಿ ಹಾಸಿಯಾಗಿರುತ್ತದೆ. ಒಂದು ಪೈಪು ದಾಟಿಸಬೇಕಾದರೂ ಅದನ್ನೆಲ್ಲ ಒಡೆಯಬೇಕು.

ತೆಂಗಿನ ತೋಟದ ನಡುವೆ ಮನೆ ಕಟ್ಟಿಕೊಂಡ ರೈತರೊಬ್ಬರ ಉದಾಹರಣೆಯನ್ನು ಊಹಿಸಿಕೊಳ್ಳಿ. ಪಂಪಿನ ಸ್ಟಾರ್ಟರ್ ಜಗಲಿಯ ಗೋಡೆಯಲ್ಲಿದೆ. ಕೊಳವೆ ಬಾವಿ ಹಿತ್ತಿಲಿನಲ್ಲಿ 60 ಮೀಟರ್ ದೂರದಲ್ಲಿದೆ. ನೆಲದಡಿ ದಾರಿ ಬಿಡದ್ದರಿಂದ ವೈರನ್ನು ಮರದಿಂದ ಮರಕ್ಕೆ ಕಟ್ಟಿ ಎಳೆದಿದ್ದಾರೆ. ಮಳೆಗಾಲದಲ್ಲಿ ಒಂದು ಗರಿ ಬಿದ್ದು ವೈರು ಹರಿದರೆ, ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ಹೋದವರಿಗೂ, ಅಲ್ಲೇ ಕಟ್ಟಿದ ದನಕ್ಕೂ ಅಪಾಯ ತಪ್ಪಿದ್ದಲ್ಲ. ಕೊಳವೆಯ ಖರ್ಚು ಉಳಿಸಲು ಹೋಗಿ ಜೀವವನ್ನೇ ಒತ್ತೆ ಇಟ್ಟಂತಾಗುತ್ತದೆ.

ಆದ್ದರಿಂದ ಪಾಯ ತೋಡುವ ಮೊದಲೇ ಒಂದು ಹಾಳೆಯ ಮೇಲೆ ನಕ್ಷೆ ಬರೆಯಿರಿ. ಮನೆ, ಬಾವಿ, ನೀರಿನ ತೊಟ್ಟಿ, ಕೊಟ್ಟಿಗೆ, ತರಕಾರಿ ಮಡಿ, ಟ್ರಾಕ್ಟರ್ ಬರುವ ದಾರಿ, ಈಗಿರುವ ಮತ್ತು ಮುಂದೆ ನೆಡುವ ಮರಗಳು—ಇವೆಲ್ಲವನ್ನೂ ಅದರಲ್ಲಿ ಗುರುತಿಸಿ. ಮನೆಯಿಂದ ಹೊರಕ್ಕೆ ಹೋಗಬೇಕಾದ್ದೇನು, ಒಳಕ್ಕೆ ಬರಬೇಕಾದ್ದೇನು ಎಂದು ಪಟ್ಟಿ ಮಾಡಿ. ಪಂಪಿನ ಕೇಬಲ್, ಹಿತ್ತಿಲಿನ ದೀಪ, ತೊಟ್ಟಿಯಿಂದ ಬರುವ ನೀರು, ಹನಿ ನೀರಾವರಿಯ ಮುಖ್ಯ ಪೈಪು, ಬಚ್ಚಲ ನೀರು, ತಾರಸಿಯ ಮಳೆ ನೀರು ಇವು ಸಾಮಾನ್ಯವಾಗಿ ಬೇಕಾಗುವಂಥವು. ಮುಂದಿನ ಅಗತ್ಯಕ್ಕೆಂದು ಒಂದು ಖಾಲಿ ಕೊಳವೆಯನ್ನೂ ಲೆಕ್ಕಕ್ಕೆ ಸೇರಿಸಿ.

ಪಾಯದ ಗೋಡೆಯನ್ನು ದಾಟುವ ಕಡೆ ಮತ್ತು ಕಾಂಕ್ರೀಟು ಬೀಳುವ ಅಂಗಳದ ಅಡಿಯಲ್ಲಿ, ಹಾಯಿಸಬೇಕಾದ ಪೈಪಿಗಿಂತ ದಪ್ಪನೆಯ ಕೊಳವೆಯನ್ನು ಮೊದಲೇ ಕೂರಿಸಬೇಕು. 110 ಮಿ.ಮೀ. ಪಿ.ವಿ.ಸಿ. ಕೊಳವೆ ಬಹಳಷ್ಟು ಕೆಲಸಕ್ಕೆ ಸಾಕು. ಮಳೆ ನೀರು ಮನೆಯೊಳಕ್ಕೆ ಹರಿಯದಂತೆ ಇದು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ. ಕಂಬ, ತೊಲೆಗಳನ್ನು ಆಮೇಲೆ ಕೊರೆಯುವುದು ಕಟ್ಟಡಕ್ಕೆ ಕೇಡು. ಕೊಳವೆ ಎಲ್ಲಿ ಹಾಯಬೇಕೆಂಬುದನ್ನು ಇಂಜಿನಿಯರರನ್ನು ಕೇಳಿಯೇ ನಿರ್ಧರಿಸಿ.

ವಿದ್ಯುತ್ ಕೇಬಲ್ಲಿಗೂ ನೀರಿನ ಪೈಪಿಗೂ ಒಂದೇ ಕೊಳವೆ ಎಂದಿಗೂ ಕೂಡದು. ಎರಡರ ನಡುವೆ ಕನಿಷ್ಠ 30 ಸೆಂ.ಮೀ. ಅಂತರವಿರಲಿ. ಕೇಬಲ್ಲನ್ನು 75 ಸೆಂ.ಮೀ. ಆಳದಲ್ಲಿ, ಟ್ರಾಕ್ಟರ್ ಓಡಾಡುವ ಕಡೆ 1 ಮೀಟರ್ ಆಳದಲ್ಲಿ ಹಾಕಬೇಕು. ಕೆಳಗೆ ಮೆತ್ತೆಯಾಗಿ ಮರಳು ಹಾಸಿ, ಮೇಲೂ ಮರಳು ಮುಚ್ಚಿ, ಅದರ ಮೇಲೆ ಇಟ್ಟಿಗೆ ಜೋಡಿಸಿ ಮಣ್ಣು ತುಂಬಿಸಿ. ಮುಂದೊಂದು ದಿನ ಅಲ್ಲಿ ಗುಂಡಿ ತೋಡುವವರ ಪಿಕಾಸಿ ಮೊದಲು ಇಟ್ಟಿಗೆಗೆ ತಗಲುತ್ತದೆ, ಅಗೆಯುವವರು ಎಚ್ಚರಗೊಳ್ಳುತ್ತಾರೆ. ಹಿತ್ತಿಲಿನ ದೀಪ ಮತ್ತು ಪ್ಲಗ್ಗುಗಳ ಲೈನಿಗೆ 30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನೂ, ಸರಿಯಾದ ಅರ್ಥಿಂಗನ್ನೂ ಹಾಕಿಸಿ. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಕೊಳವೆಯ ಒಳಜಾಗದಲ್ಲಿ ಕೇಬಲ್ಲುಗಳು ಶೇಕಡ 40ಕ್ಕಿಂತ ಹೆಚ್ಚು ತುಂಬಬಾರದು. ಇಕ್ಕಟ್ಟಾದರೆ ಎಳೆಯಲಾಗದು, ಬಿಸಿಯೂ ಆರದು. ತಿರುವಿನಲ್ಲಿ ಚೂಪು ಮೊಳಕೈ ಬೇಡ, ಉದ್ದ ಬೆಂಡು ಹಾಕಿ. ಖಾಲಿ ಕೊಳವೆಯೊಳಗೆ ನೈಲಾನ್ ಹಗ್ಗವೊಂದನ್ನು ಹಾಯಿಸಿ ಬಿಡಿ. ಎರಡೂ ತುದಿಗೆ ಮುಚ್ಚಳ ಹಾಕದಿದ್ದರೆ ಇಲಿ, ಕಪ್ಪೆ, ಕೆಲವೊಮ್ಮೆ ಹಾವೂ ಅದೇ ದಾರಿಯಲ್ಲಿ ಮನೆಯೊಳಕ್ಕೆ ಬಂದೀತು.

ನೀರಿನ ಪೈಪು ಗುದ್ದಲಿಗೆ ಸಿಗದಷ್ಟು, ಅಂದರೆ 45ರಿಂದ 60 ಸೆಂ.ಮೀ. ಆಳದಲ್ಲಿರಲಿ. ಒಂದೊಂದು ಕವಲಿಗೂ ವಾಲ್ವು ಇಟ್ಟು, ಅದರ ಸುತ್ತ ಇಟ್ಟಿಗೆ ಗೂಡು ಕಟ್ಟಿ ಮುಚ್ಚಳ ಹಾಕಿ. ಬೆಸುಗೆ ಅಂಟು ಚೆನ್ನಾಗಿ ಒಣಗಿದ ಮೇಲೆ ನೀರು ಬಿಟ್ಟು, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಕಾಲುವೆ ಮುಚ್ಚಬೇಕು. ಕಲ್ಲು ಚೂರುಗಳನ್ನು ಆರಿಸಿ ತೆಗೆದು, ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ.

ಬಚ್ಚಲ ನೀರಿನ 110 ಮಿ.ಮೀ. ಪೈಪಿಗೆ 60ಕ್ಕೆ 1ರ ಇಳಿಜಾರು ಬೇಕು. 6 ಮೀಟರ್ ಉದ್ದಕ್ಕೆ 10 ಸೆಂ.ಮೀ. ಇಳಿದರೆ ಸರಿ. ತಿರುವಿರುವ ಕಡೆ ಮುಚ್ಚಳವಿರುವ ತೊಟ್ಟಿ ಕಟ್ಟಿದರೆ ಕಟ್ಟಿಕೊಂಡ ಕಸ ತೆಗೆಯಬಹುದು. ಈ ನೀರನ್ನು ಬಾಳೆ, ತೆಂಗುಗಳ ಬುಡಕ್ಕೆ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗಳಿಗೆ ಬೇಡ. ಕಕ್ಕಸಿನ ನೀರಿನ ದಾರಿ ಪೂರ್ತಿ ಬೇರೆಯೇ ಇರಬೇಕು.

ಮಳೆ ನೀರಿನ ಲೆಕ್ಕವೂ ಸುಲಭ. 100 ಚದರ ಮೀಟರ್ ತಾರಸಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಊರಿನಲ್ಲಿ ಶೇಕಡ 80ರಷ್ಟು ಹಿಡಿದರೂ 48,000 ಲೀಟರ್ ಸಿಗುತ್ತದೆ. ತಾರಸಿಯಿಂದ ತೊಟ್ಟಿಗೆ ನೆಲದಡಿ ದಾರಿ ಇಲ್ಲದ ಮನೆಯಲ್ಲಿ ಇಷ್ಟೂ ನೀರು ಮೋರಿಯ ಪಾಲು.

ಕೊನೆಯದಾಗಿ, ಕಾಲುವೆ ಮುಚ್ಚುವ ಮುನ್ನ ಪ್ರತಿ ಕೊಳವೆಯೂ ಗೋಡೆಯ ಮೂಲೆಯಿಂದ ಎಷ್ಟು ದೂರ, ಎಷ್ಟು ಆಳ ಎಂದು ಅಳೆದು ನಕ್ಷೆಯಲ್ಲಿ ಬರೆಯಿರಿ, ಫೋಟೋ ತೆಗೆದಿಡಿ. ನಕ್ಷೆಯ ಒಂದು ಪ್ರತಿ ಮನೆಯ ಪತ್ರಗಳ ಜೊತೆಯಲ್ಲಿರಲಿ. ಮೇಸ್ತ್ರಿ ಮುಂದಿನ ಮನೆಗೆ ಹೋಗುತ್ತಾರೆ, ಹಿರಿಯರಿಗೆ ಮರೆವು ಬರುತ್ತದೆ. ಇಪ್ಪತ್ತು ವರ್ಷದ ನಂತರ ಅಲ್ಲಿ ಸಸಿ ನೆಡಲು ಹಾರೆ ಹಿಡಿಯುವ ಮಕ್ಕಳನ್ನು ಕಾಯುವುದು ಆ ಹಾಳೆಯೇ.