ಹಿಮಕುಸಿತ: ಅರಿವೇ ಮೊದಲ ರಕ್ಷೆ



ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಹಿಮ ಬೀಳುವುದಿಲ್ಲ. ಆದರೂ ಹಿಮದ ಸಾವು ಈ ಸೀಮೆಗೆ ಅಪರಿಚಿತವಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಫೆಬ್ರುವರಿ 8ರಂದು ಜೀವಂತವಾಗಿ ದೊರೆತರೂ 11ರಂದು ದೆಹಲಿಯಲ್ಲಿ ಅಸುನೀಗಿದರು. ಕರ್ತವ್ಯನಿರತ ಯೋಧನಿಗೆ ಠಾಣೆಯನ್ನು ಬಿಟ್ಟು ಬರುವ ಆಯ್ಕೆಯಿಲ್ಲ. ಚಾರಣಕ್ಕೆ ಹೋಗುವವರಿಗೆ ಆ ಆಯ್ಕೆಯುಂಟು. ಅದನ್ನು ಬಳಸುವ ವಿವೇಕ ಬೇಕು.

ಹಿಮವು ಮಣ್ಣಿನಂತೆಯೇ ಪದರ ಪದರವಾಗಿ ಕೂಡುತ್ತದೆ. ಕೆಳಗಿನ ಪದರವು ಸಕ್ಕರೆಯಂತೆ ಸಡಿಲವಾಗಿದ್ದು, ಮೇಲೆ ಗಟ್ಟಿ ಹಲಗೆಯಂಥ ಹಿಮ ಕುಳಿತಾಗ, ಒಬ್ಬ ಮನುಷ್ಯನ ಭಾರವೂ ಅದನ್ನು ಜಾರಿಸಬಲ್ಲದು. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಈ ಅಪಾಯ ಅಧಿಕ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯನ್ನು ಎಲ್ಲರೂ ಬಲ್ಲರು. ಬೇಸಿಗೆಯ ಗಾಳಿ ಹೊಲದ ಧೂಳನ್ನು ಬೇಲಿಯ ಮರೆಯಲ್ಲಿ ಗುಡ್ಡೆ ಹಾಕುವಂತೆ, ಹಿಮಾಲಯದ ಗಾಳಿಯೂ ಹಿಮವನ್ನು ಶಿಖರದ ಮರೆಯ ಮಗ್ಗುಲಿಗೆ ಒಟ್ಟುತ್ತದೆ. ಹೊಸ ಹಿಮ, ಬಿರುಗಾಳಿ, ಹಠಾತ್ತನೆ ಏರುವ ಬಿಸಿಲು, ಕಾಲಡಿ ಹಿಮ ಬಿರುಕು ಬಿಡುವುದು, 'ಧುಮ್' ಎಂದು ಕುಸಿದ ಸದ್ದು: ಇವು ಎಚ್ಚರಿಕೆಯ ಲಕ್ಷಣಗಳು.

ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಹೊರಗಿನ ನೆರವು ಅಷ್ಟರಲ್ಲಿ ತಲುಪದು, ಜೊತೆಗಾರನೇ ರಕ್ಷಕ. ಆದ್ದರಿಂದ ಪ್ರತಿಯೊಬ್ಬರ ಬಳಿಯೂ ಸಂಕೇತಯಂತ್ರ, ಶೋಧಕೋಲು, ಸಲಿಕೆ ಇರಬೇಕು. ಅವುಗಳ ಬಳಕೆಯನ್ನು ಮೊದಲೇ ಅಭ್ಯಾಸ ಮಾಡಿರಬೇಕು. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ನೋಡುತ್ತಿರಬೇಕು. ರಕ್ಷಣಾ ಸಂಶೋಧನಾ ಸಂಸ್ಥೆಯ ಹಿಮಕುಸಿತದ ಮುನ್ಸೂಚನೆಯನ್ನು ಕೇಳದೆ ಹೊರಡಬಾರದು.

ಹಿಮ ಕುಸಿಯದಿದ್ದರೂ ಚಳಿಯೊಂದೇ ಕೊಲ್ಲಬಲ್ಲದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ತೆರಳಿದ್ದ 22 ಜನರ ತಂಡದಲ್ಲಿ ಕರ್ನಾಟಕದ 9 ಮಂದಿ ಹಿಮಬಿರುಗಾಳಿಗೆ ಸಿಕ್ಕಿ ಮಡಿದರು. ಅದು ಚಳಿಗಾಲವೂ ಆಗಿರಲಿಲ್ಲ.

ಮುಗಿಲನ್ನು ನೋಡಿ ಬಿತ್ತನೆಯನ್ನು ಮುಂದೂಡುವ ರೈತನನ್ನು ಯಾರೂ ಹೇಡಿ ಎನ್ನುವುದಿಲ್ಲ. ಹಿಮದ ದಾರಿಯಲ್ಲಿ ಅರ್ಧಕ್ಕೆ ಹಿಂದಿರುಗಿದವನನ್ನೂ ಹಾಗೆನ್ನಬಾರದು. ಬೆಟ್ಟ ಅಲ್ಲಿಯೇ ಇರುತ್ತದೆ, ಮನೆಯವರು ಕಾಯುತ್ತಿರುತ್ತಾರೆ.